ಚಕ್ಕಡಿ ದಾರಿಯ ಅಳತೆಗೆ ಕಟ್ಟಿದ ಜೋಡಿ ದೋಣಿ

ಯಾರಾದರೂ ನನ್ನನ್ನು 'ಸರ್ವೆ ದೋಣಿಗಳ ವಿನ್ಯಾಸ ಮಾಡಿದವರು' ಎಂದು ಪರಿಚಯಿಸಿದರೆ ನನಗೆ ಇಂದಿಗೂ ನಗು ತಡೆಯಲಾಗುವುದಿಲ್ಲ. ನಾನು ಅಣ್ಣಿಗೇರಿ ಕಡೆಯವನು. ಎರೆಮಣ್ಣಿನ ಬಯಲಲ್ಲಿ ಬೆಳೆದವನಿಗೆ ನೀರೆಂದರೆ ಕೊಡದಲ್ಲಿರುವುದು, ಹೆಚ್ಚೆಂದರೆ ಊರ ಕೆರೆಯಲ್ಲಿರುವುದು. ಸಮುದ್ರವನ್ನು ನಾನು ಮೊದಲ ಸಲ ಕಾಣುವ ಹೊತ್ತಿಗೆ ನನ್ನ ಕೈಯಿಂದ ಮೂರು ದೋಣಿಗಳು ನೀರಿಗಿಳಿದಿದ್ದವು, ಅವುಗಳಲ್ಲಿ ಒಂದು ಮುಳುಗಿಯೂ ಆಗಿತ್ತು. ನನಗೆ ಈಜು ಬರುವುದಿಲ್ಲ. ಇದನ್ನೆಲ್ಲ ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಯಾಕೆಂದರೆ ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನಮ್ಮ ಮನೆಗೆ ಬಂದು, ಚಹಾ ಕುಡಿದು, "ಸರ್, ಆವಾಗ ಹೆಂಗ ಮಾಡ್ತಿದ್ರಿ?" ಎಂದು ಕೇಳುತ್ತಾರೆ. ಅವರಿಗೆ ಸಾಹಸದ ಕಥೆ ಬೇಕು. ನನ್ನ ಹತ್ತಿರ ಇರುವುದು ಎಡವಟ್ಟುಗಳು ಮಾತ್ರ. ಬಡ್ತಿ ಯಾವಾಗ ಸಿಕ್ಕಿತು, ಎಲ್ಲೆಲ್ಲಿಗೆ ವರ್ಗವಾಯಿತು ಎಂಬುದನ್ನು ನಾನು ಬರೆಯುವುದಿಲ್ಲ. ಅದು ನನ್ನ ಹೆಂಡತಿಗೂ ಈಗ ನೆನಪಿಲ್ಲ.

ನಮ್ಮ ಕೆಲಸ ಕೆರೆಗಳ ಹೊಟ್ಟೆ ಅಳೆಯುವುದು. ಪ್ರತಿ ಮಳೆಗಾಲದಲ್ಲೂ ಹೊಲದ ಮಣ್ಣು ಹಳ್ಳದ ಗುಂಟ ಹರಿದು ಬಂದು ಕೆರೆಯ ತಳದಲ್ಲಿ ಕೂರುತ್ತದೆ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹತ್ತು ಆಳು ನೀರಿದ್ದರೂ ಕೆರೆ ಹೊಳೆಯುವುದು ಹಾಗೆಯೇ, ಮೊಳಕಾಲ ತನಕ ನೀರಿದ್ದರೂ ಹಾಗೆಯೇ. ಒಳಗೆ ಎಷ್ಟು ನೀರು, ಎಷ್ಟು ಹೂಳು ಎಂದು ಹೇಳಬೇಕಾದವರು ನಾವು. ನಾವು ಹೇಳಿದ್ದರ ಮೇಲೆ ಕಾಲುವೆಗೆ ನೀರು ಬಿಡುತ್ತಿದ್ದರು, ಊರುಗಳಿಗೆ ನಳ ಹಾಕುತ್ತಿದ್ದರು.

ನಾನು ಸೇರಿದ ಹೊಸದರಲ್ಲಿ, ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು, ಅಳೆಯುವ ಸಾಮಾನೆಂದರೆ ಒಂದು ಹರಗೋಲು, ಒಂದು ಹಗ್ಗ, ಹಗ್ಗದ ತುದಿಗೆ ಸೀಸದ ಗುಂಡು. ಅಡಿಗೊಂದು ಗಂಟು. ಗುಂಡು ಬಿಡುವುದು, ತಳ ಮುಟ್ಟಿದ ಮೇಲೆ ಗಂಟು ಎಣಿಸುವುದು, ಕೂಗಿ ಹೇಳುವುದು. ಯಮನೂರಿನ ಕಡೆ ಕಾಲುವೆ ನೀರು ತುಂಬಿಸುವ ಒಂದು ಕೆರೆಯಲ್ಲಿ ನನ್ನ ಮೊದಲ ಕೆಲಸ. ಹರಗೋಲಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ಹುಟ್ಟು ಹಾಕಿದಂತೆಲ್ಲ ಅದು ನಿಂತಲ್ಲೇ ಗಿರ್ರನೆ ತಿರುಗುತ್ತದೆ. ದಂಡೆಯ ಮೇಲೆ ಥಿಯೋಡೊಲೈಟ್ ಎಂಬ ಅಳತೆ ದುರ್ಬೀನು ಹಿಡಿದು ನಿಂತ ನಮ್ಮ ಕುಲಕರ್ಣಿ ಸಾಹೇಬರು ನಾನು ಎಲ್ಲಿದ್ದೇನೆಂದು ಗುರಿ ಇಡುವಷ್ಟರಲ್ಲಿ ನಾನು ಇನ್ನೆಲ್ಲೋ ಇರುತ್ತಿದ್ದೆ. ಸಾಲದ್ದಕ್ಕೆ ಹಗ್ಗ ನೆನೆದು ಕುಗ್ಗಿತ್ತು. ಗಂಟುಗಳು ಹತ್ತಿರವಾದವು, ನನ್ನ ಲೆಕ್ಕದಲ್ಲಿ ಆಳ ಹೆಚ್ಚಿತು. ಬೆಳಿಗ್ಗೆ ಒಂದು ಆಳ, ಮಧ್ಯಾಹ್ನ ಅದೇ ಜಾಗದಲ್ಲಿ ಇನ್ನೊಂದು.

ಕುಲಕರ್ಣಿ ಸಾಹೇಬರು ನನ್ನ ಪುಸ್ತಕ ನೋಡಿ ಕನ್ನಡಕ ತೆಗೆದರು. "ಏನ್ರೀ ಅಂಗಡಿಯವರ, ಕೆರಿ ಅಳೀಲಿಕ್ಕೆ ಹೋಗಿದ್ರೋ, ಅಗೀಲಿಕ್ಕೆ ಹೋಗಿದ್ರೋ?"

ಅವರ ಬಗ್ಗೆ ಇಲ್ಲೇ ನಾಲ್ಕು ಮಾತು ಹೇಳಬೇಕು. ಎತ್ತರದ ಆಳು, ದೊಡ್ಡ ದನಿ, ಕೆಲಸದಲ್ಲಿ ಬಲು ಕರಾರುವಾಕ್ಕು. ಬೈದರೆ ಜೀಪಿನ ಡ್ರೈವರಿಗೂ ಕೇಳುವಂತೆ ಬೈಯುತ್ತಿದ್ದರು, ಬೈದ ಅರ್ಧ ಗಂಟೆಗೆ ಗಿರಮಿಟ್ಟು ತರಿಸಿ ಎಲ್ಲರಿಗೂ ಹಂಚುತ್ತಿದ್ದರು. ನಮಗೆ ಹಸಿವಾದಾಗಲೆಲ್ಲ ಯಾರಾದರೂ ಒಬ್ಬರು ಬೈಸಿಕೊಳ್ಳಲಿ ಎಂದು ಕಾಯುತ್ತಿದ್ದೆವು. ಅವರಿಗೂ ಈಜು ಬರುತ್ತಿರಲಿಲ್ಲ, ಆದರೆ ಅದು ಆಗ ನಮಗೆ ಗೊತ್ತಿರಲಿಲ್ಲ.

ಹರಗೋಲಿನ ಕಾಟಕ್ಕೆ ಬೇಸತ್ತು ನಾನು ಮಾಡಿದ ಮೊದಲ ಜೋಡಿ ದೋಣಿ ಎಂದರೆ ಎರಡು ಸಾಲು ಡಾಂಬರು ಪೀಪಾಯಿ, ಅವುಗಳ ಮೇಲೆ ಹಗ್ಗದಲ್ಲಿ ಬಿಗಿದ ಒಂದು ಹೊರಸು. ಹೊರಸಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನಾನು ಕೆರೆ ಅಳೆದೆ. ಬಟ್ಟೆ ಒಗೆಯಲು ಬಂದ ಹೆಂಗಸರು ಕೆಲಸ ಬಿಟ್ಟು ನಿಂತು ನಕ್ಕರು. "ಏ ಯಪ್ಪಾ, ನಿದ್ದಿ ಬಂದ್ರ ಅಲ್ಲೇ ಮಲಗ್ರಿ, ನಾವು ಜಗ್ಗಿಕೊಂಡ ಬರ್ತೇವಿ" ಎಂದು ಒಬ್ಬ ಮುದುಕಿ ಕೂಗಿದಳು. ನಗಲಿ. ಹೊರಸು ಅಲುಗಾಡಲಿಲ್ಲ. ಎರಡು ಕಾಲು ಅಗಲಿಸಿ ನಿಂತವನನ್ನು ದೂಡುವುದು ಕಷ್ಟ ಎಂಬುದನ್ನು ಆ ದಿನ ನಾನು ನೀರಿನ ಮೇಲೆ ಕಲಿತೆ. ಆದರೆ ಅದನ್ನು ಮುಂದಕ್ಕೆ ಸಾಗಿಸುವುದು ಕೋಣವನ್ನು ಎಳೆದಂತೆ. ಐದನೆಯ ದಿನ ಒಂದು ಪೀಪಾಯಿ ತುಕ್ಕು ಹಿಡಿದು ತೂತಾಯಿತು, ಹೊರಸು ಒಂದು ಕಡೆ ವಾಲಿತು, ನಾನು ಸೊಂಟದ ನೀರಿನಲ್ಲಿ ಪುಸ್ತಕವನ್ನು ತಲೆಯ ಮೇಲಿಟ್ಟುಕೊಂಡು ನಡೆದು ಬಂದೆ. ಮುಳುಗಿದ ದೋಣಿ ಅದೇ.

ಮೂರ್ನಾಲ್ಕು ವರ್ಷ ಕಳೆದ ಮೇಲೆ ದುಮ್ಮವಾಡದ ಕಡೆಯ ಒಂದು ದೊಡ್ಡ ಕೆರೆಯ ಕೆಲಸ ಬಂತು. ಪಟ್ಟಣಕ್ಕೆ ಕುಡಿಯುವ ನೀರು ಕೊಡುವ ಕೆರೆ. ಅದರಲ್ಲಿ ಹೂಳು ತುಂಬಿದೆ, ನೀರು ಸಾಲುವುದಿಲ್ಲ ಎಂಬ ಗುಮಾನಿ ಎದ್ದಿತ್ತು. ಹೂಳು ನಿಜಕ್ಕೂ ಅಷ್ಟಿದ್ದರೆ ಕೋಡಿಯನ್ನು, ಎಂದರೆ ಹೆಚ್ಚಿನ ನೀರು ಹೊರಗೆ ಹರಿದು ಹೋಗುವ ಕಟ್ಟೆಯನ್ನು, ಮೂರು ಅಡಿ ಏರಿಸಿ ಹೆಚ್ಚು ನೀರು ನಿಲ್ಲಿಸುವುದೆಂದು ಮೇಲಿನವರು ಯೋಚಿಸಿದ್ದರು. ಈ ಸಲ ಹಗ್ಗ ಗುಂಡು ಅಲ್ಲ. ಕರಾವಳಿಯ ಒಂದು ಕಚೇರಿಯಿಂದ ಆಳ ಅಳೆಯುವ ಯಂತ್ರವೂ ದೋಣಿಗೆ ಕಟ್ಟುವ ಮೋಟಾರೂ ಎರವಲಾಗಿ ಬರುವುದಿತ್ತು. ಯಂತ್ರದ ತಂತಿಯ ತುದಿಗಿರುವ ಒಂದು ಗುಂಡಿಯನ್ನು ನೀರಿನಲ್ಲಿ ಮುಳುಗಿಸಬೇಕು. ಅದು ಕೆಳಗೆ ಸದ್ದು ಕಳಿಸುತ್ತದೆ, ತಳಕ್ಕೆ ಬಡಿದು ಮರಳಿದ ಸದ್ದನ್ನು ಹಿಡಿದು, ಸುರುಳಿ ಕಾಗದದ ಮೇಲೆ ಸೂಜಿಯಿಂದ ತಳದ ಗೆರೆ ಎಳೆಯುತ್ತದೆ. ಕಾಗದ ಸುಟ್ಟ ವಾಸನೆ ಬರುತ್ತದೆ. ಆ ವಾಸನೆ ಈಗಿನವರಿಗೆ ಗೊತ್ತಿಲ್ಲ, ಪಾಪ.

ಯಂತ್ರ ಸಿಗುವುದು ಹನ್ನೆರಡು ದಿನ ಮಾತ್ರ. ಹತ್ತು ಗಂಟೆಯ ಮೇಲೆ ಆ ಕೆರೆಯಲ್ಲಿ ಗಾಳಿ ಏಳುತ್ತದೆ, ತೆರೆಗೆ ದೋಣಿ ಕುಣಿದರೆ ಗೆರೆಯೂ ಕುಣಿಯುತ್ತದೆ. ಹಾಗಾಗಿ ದಿನಕ್ಕೆ ಸಿಗುವುದು ಮುಂಜಾನೆಯ ಮೂರೋ ನಾಲ್ಕೋ ಗಂಟೆ. ಅಷ್ಟರಲ್ಲಿ ಮುಗಿಯಬೇಕಾದರೆ ದೋಣಿ ಅಲುಗದಂತಿರಬೇಕು, ಓಡುವಂತೆಯೂ ಇರಬೇಕು. ಕರಾವಳಿಯಲ್ಲಿ ಸರ್ವೆಗಾಗಿ ವೇಗದ ಜೋಡಿ ಹಡಗುಗಳನ್ನು ಕಟ್ಟುತ್ತಾರೆಂದು ಒಂದು ಹಳೆಯ ಪತ್ರಿಕೆಯಲ್ಲಿ ಅಂಗೈಯಗಲದ ಚಿತ್ರ ನೋಡಿದ್ದೆ. ಎರಡು ಸಪೂರ ದೋಣಿಗಳು, ನಡುವೆ ಅಟ್ಟ. ಆ ಚಿತ್ರವೇ ನನ್ನ ಕಾಲೇಜು.

ದೋಣಿ ಕಟ್ಟಲು ಸಿಕ್ಕವರು ತಂಬೂರಿನ ಮೌನೇಶಪ್ಪ ಬಡಿಗೇರರು. ಎತ್ತಿನ ಚಕ್ಕಡಿ, ಬಿತ್ತುವ ಕೂರಿಗೆ, ಬಾಗಿಲು ಮಾಡುವವರು. ಜೀವನದಲ್ಲಿ ದೋಣಿ ಮುಟ್ಟಿದವರಲ್ಲ. ನನ್ನ ನಕಾಶೆಯನ್ನು ತಲೆಕೆಳಗು ಹಿಡಿದು ನೋಡಿ, "ಇದು ನೀರಾಗ ಹೋಗೂ ರಂಟಿ ಅನ್ರಿ" ಎಂದರು. ರಂಟೆ ಮಣ್ಣು ಸೀಳುವ ಹಾಗೆ ಇದು ನೀರು ಸೀಳಬೇಕು ಎಂಬುದು ಅವರಿಗೆ ಒಂದೇ ನೋಟಕ್ಕೆ ತಿಳಿಯಿತು. ನನಗೆ ತಿಳಿಯಲು ಮೂರು ತಿಂಗಳು ಹಿಡಿದಿತ್ತು.

ಲೆಕ್ಕದ ಸೂತ್ರ ನನಗೆ ಗೊತ್ತಿರಲಿಲ್ಲ. ಮೌನೇಶಪ್ಪನವರು ಮೊಳದುದ್ದದ ಆರು ಮಾದರಿ ಕೆತ್ತಿಕೊಟ್ಟರು. ಕೆಲವು ಹೊಟ್ಟೆ ಬಂದವು, ಕೆಲವು ಸಪೂರ. ಅವನ್ನು ಚೀಲದಲ್ಲಿ ತುಂಬಿಕೊಂಡು ನವಲಗುಂದದ ಕಡೆ ಹರಿಯುವ ಕಾಲುವೆಗೆ ಹೋದೆವು. ನಿಂತ ನೀರಿನಲ್ಲಿ ದೋಣಿ ಓಡಿಸಿದರೂ ಒಂದೇ, ಓಡುವ ನೀರಿನಲ್ಲಿ ದೋಣಿ ನಿಲ್ಲಿಸಿದರೂ ಒಂದೇ. ಕಾಲುಸೇತುವೆಯ ಮೇಲೆ ಬೋರಲು ಮಲಗಿ, ಹತ್ತಿ ತೂಗುವ ಕೊಕ್ಕೆ ತಕ್ಕಡಿಗೆ ದಾರ ಕಟ್ಟಿ, ದಾರದ ತುದಿಗೆ ಮಾದರಿ ಬಿಟ್ಟು, ಯಾವುದು ಎಷ್ಟು ಜಗ್ಗುತ್ತದೆಂದು ಬರೆದುಕೊಂಡೆವು. ಎಮ್ಮೆ ಹೊಡೆದುಕೊಂಡು ಹೊರಟ ಒಬ್ಬಾತ ಬಹಳ ಹೊತ್ತು ನೋಡಿ, "ಮೀನ ಬಿದ್ದುವೇನ್ರಿ?" ಎಂದ. ಇಲ್ಲ, ದೋಣಿ ತೂಗುತ್ತಿದ್ದೇವೆ ಎಂದೆ. ಆತ ಎಮ್ಮೆಗಳನ್ನು ಸ್ವಲ್ಪ ಬೇಗ ಹೊಡೆದುಕೊಂಡು ಹೋದ. ಸಪೂರವಾದ ಜೋಡಿಯೇ ಗೆದ್ದಿತು.

ಇನ್ನು ಉಳಿದದ್ದು ಎರಡು ದೋಣಿಗಳ ನಡುವೆ ಎಷ್ಟು ಅಂತರ ಇರಬೇಕೆಂಬುದು. ಇಲ್ಲಿಯೇ ನಾನು ಜಾಣತನ ತೋರಿಸಿದೆ. ತಂಬೂರಿನಿಂದ ಕೆರೆಗೆ ಹೋಗುವ ಕೊನೆಯ ದಾರಿ ಬರೀ ಚಕ್ಕಡಿ ಜಾಡು, ಎರಡೂ ಬಾಜು ಒಡ್ಡು. ಲಾರಿ ಹೋಗುವುದಿಲ್ಲ. ಆದ್ದರಿಂದ ಜೋಡಿಸಿದ ದೋಣಿ ಚಕ್ಕಡಿಗಿಂತ ಅಗಲವಾಗದಂತೆ ಅಂತರ ಇಟ್ಟೆ. ದೋಣಿ ಇಡಿಯಾಗಿ ಚಕ್ಕಡಿಯ ಮೇಲೆ ಕೂತು ಕೆರೆಯ ತನಕ ಬರಬೇಕು, ಇಳಿಸಿದ ಕೂಡಲೇ ಓಡಬೇಕು. ಈ ವಿಚಾರ ಹೊಳೆದ ದಿನ ನನಗೇ ನನ್ನ ಬೆನ್ನು ತಟ್ಟಿಕೊಳ್ಳುವಷ್ಟು ಖುಷಿಯಾಗಿತ್ತು. ಕುಲಕರ್ಣಿ ಸಾಹೇಬರೂ ಮೆಚ್ಚಿದರು. "ಚಕ್ಕಡಿ ಮ್ಯಾಲೆ ದೋಣಿ, ದೋಣಿ ಮ್ಯಾಲೆ ಅಂಗಡಿಯವರು. ಭಾಳ ಛಂದ ಅದ" ಎಂದು ಸಹಿ ಹಾಕಿದರು.

ಚಕ್ಕಡಿ ಕೊಟ್ಟವರು ಗುರುಸಿದ್ದಪ್ಪ. ಕೆರೆಯ ದಂಡೆಗೇ ಅವರ ಭತ್ತದ ಗದ್ದೆ, ಗದ್ದೆಯ ಮೇಲ್ಭಾಗದಲ್ಲಿ ಮನೆ. ಮಾತು ಕಡಿಮೆ, ಎತ್ತುಗಳ ಜೊತೆ ಮಾತ್ರ ಸಲೀಸಾಗಿ ಮಾತಾಡುತ್ತಿದ್ದರು. ನಮ್ಮ ಬಿಡಾರವೂ ಅವರ ಕಣದಲ್ಲೇ. ಅವರ ಹೆಂಡತಿ ನೀಲವ್ವ ದೋಣಿಯ ಎರಡೂ ಮೂತಿಗೆ ಕುಂಕುಮ ಹಚ್ಚಿ, "ಎರಡ ಮುಖ ಐತಿ, ಯಾವುದಕ್ಕ ಮೊದಲ ಹಚ್ಚೂದಂತ ತಿಳೀವಲ್ದು" ಎಂದು ನಕ್ಕರು. ದಿನಾ ಹೊತ್ತು ಹುಟ್ಟುವ ಮೊದಲೇ ಅವರ ಬುತ್ತಿ ಬರುತ್ತಿತ್ತು. ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ. ಬೇಡವೆಂದರೆ ಅವರಿಗೆ ಸಿಟ್ಟು ಬರುತ್ತಿತ್ತು.

ಮೊದಲ ದಿನ ಮೋಟಾರು ಎಳೆದು ಬಿಟ್ಟಾಗ ದೋಣಿ ನೆಗೆದ ರೀತಿಯನ್ನು ಹೇಗೆ ಹೇಳಲಿ! ಮೌನೇಶಪ್ಪನವರು ಸೋರುವಲ್ಲಿ ಬಟ್ಟೆ, ರಾಳ ತುರುಕಲೆಂದು ಜೊತೆಗೇ ಕೂತಿದ್ದರು, ಅಟ್ಟವನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಕಣ್ಣು ಮುಚ್ಚಿದರು. ದಂಡೆಯಲ್ಲಿದ್ದವರು ಸೀಟಿ ಹೊಡೆದರು. ಎದುರು ದಂಡೆಯಲ್ಲಿ ನೆಟ್ಟ ಎರಡು ಬಾವುಟಗಳನ್ನು ಒಂದೇ ನೇರಕ್ಕೆ ಇಟ್ಟುಕೊಂಡು ನಾನು ದೋಣಿ ನಡೆಸುತ್ತಿದ್ದೆ, ಕೆರೆಯ ಏರಿಯ ಮೇಲೆ ಸಾಹೇಬರು ಥಿಯೋಡೊಲೈಟಿನಲ್ಲಿ ನಮ್ಮನ್ನು ಹಿಡಿಯುತ್ತಿದ್ದರು. ಹೊರಸಿನ ಮೇಲೆ ಒಂದು ದಿನ ಹಿಡಿಯುತ್ತಿದ್ದ, ದಂಡೆಯಿಂದ ದಂಡೆಗಿನ ಒಂದು ಗೆರೆ ಈಗ ಒಂದು ಎಲೆ ಅಡಿಕೆ ಜಗಿಯುವಷ್ಟರಲ್ಲಿ ಮುಗಿಯುತ್ತಿತ್ತು. ಆರು ಮುಂಜಾನೆಯಲ್ಲಿ ಇಡೀ ಕೆರೆ ಮುಗಿಸಿದೆವು.

ಕಾಗದದ ಮೇಲೆ ಗೆರೆ ಮಾತ್ರ ಅಷ್ಟು ಸ್ವಚ್ಛವಾಗಿ ಬರಲಿಲ್ಲ. ಕೆಳಗೆ ತಳದ ಗೆರೆ ತುಂಡು ತುಂಡು, ಅದರ ಮೇಲೆ ಮಸಿ ಚೆಲ್ಲಿದಂತೆ ಇನ್ನೊಂದು ಪಟ್ಟೆ. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ, ಮೆತ್ತನೆಯ ಹೂಳು ಇದ್ದಲ್ಲಿ ಹೀಗೆ ಎರಡು ಪಟ್ಟೆ ಬರುತ್ತವೆ, ಮೇಲಿನದು ಹೂಳು, ಕೆಳಗಿನದು ಗಟ್ಟಿ ನೆಲ ಎಂದಿತ್ತು. ಸರಿ, ಇದೇ ಹೂಳು ಎಂದುಕೊಂಡೆ. ಮೇಲಿನ ಪಟ್ಟೆಯ ಗುಂಟ ಪೆನ್ಸಿಲ್ ಎಳೆದು ನಕಾಶೆ ಮಾಡಿದೆ. ಕೆರೆಯ ಅರ್ಧ ಹೊಟ್ಟೆ ಮಣ್ಣು! ಗುಮಾನಿ ಖರೆಯಾಯಿತು, ಯಂತ್ರ ಖರೆಯಾಯಿತು, ನನ್ನ ದೋಣಿಯೂ ಖರೆಯಾಯಿತು. ಸಾಹೇಬರು ಆ ಸಂಜೆಯೇ ಊರಿಗೆ ಹೋಗಿ ಮೇಲಿನವರಿಗೆ ಫೋನು ಮಾಡಿ ತಿಳಿಸಿದರು. ಅವರು ನನ್ನ ಹೆಸರು ಕೇಳಿ ಬರೆದುಕೊಂಡರಂತೆ.

ಅದೇ ನಕಾಶೆಯ ಮೇಲೆ ಮೂರು ಅಡಿ ಏರಿದ ನೀರಿನ ಗೆರೆ ಎಳೆದಾಗ ಮಾತ್ರ ನನ್ನ ಕೈ ನಿಂತಿತು. ಗೆರೆ ನೇರವಾಗಿ ಗುರುಸಿದ್ದಪ್ಪನವರ ಗದ್ದೆಯನ್ನು ಬಹುತೇಕ ನುಂಗಿ, ನಾವು ಮಲಗುತ್ತಿದ್ದ ಕಣದ ಅಂಚಿಗೆ ಬಂದು ನಿಂತಿತ್ತು.

ಊರಲ್ಲಿ ಸುದ್ದಿ ನನಗಿಂತ ಮೊದಲೇ ಓಡಾಡಿತ್ತು. ಗುರುಸಿದ್ದಪ್ಪ ಎತ್ತುಗಳಿಗೆ ಮೇವು ಹಾಕುತ್ತ, ನನ್ನ ಕಡೆ ನೋಡದೆ ಕೇಳಿದರು. "ಮಂದಿ ಮಾತಾಡಾಕತ್ತಾರ. ಕೋಡಿ ಏರಸ್ತಾರಂತ, ಖರೆ ಏನ್ರಿ ಸಾಹೇಬ್ರ?"

"ಇನ್ನೂ ಪಕ್ಕಾ ಆಗಿಲ್ರಿ. ಆದ್ರ ಆಗೂ ಹಂಗ ಕಾಣತೈತಿ."

"ನಮ್ಮ ಗದ್ದಿ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಮುಳುಗತೈತ್ರಿ. ಮನಿ ಬಾಜೂಕಿನ ಎರಡ ಮಡಿ ಅಷ್ಟ ಉಳೀತಾವ."

ಅವರು ಮೇವಿನ ಸಿವುಡನ್ನು ಪೂರ್ತಿ ಬಿಡಿಸಿ ಹಾಕಿ, ಕೈ ಕೊಡವಿಕೊಂಡರು. ಆಮೇಲೆ, "ನಾಳಿ ಚಕ್ಕಡಿ ಎಷ್ಟಕ್ಕ ಹೂಡ್ಲಿ?" ಎಂದರು. ಯಂತ್ರ, ಬ್ಯಾಟರಿ, ಪೆಟ್ರೋಲಿನ ಡಬ್ಬಿಗಳನ್ನು ದಂಡೆಗೆ ಸಾಗಿಸುತ್ತಿದ್ದದ್ದು ಅದೇ ಚಕ್ಕಡಿಯಲ್ಲಿ. ಐದಕ್ಕೆ ಎಂದೆ. ಮರುದಿನ ಐದಕ್ಕೆ ಸರಿಯಾಗಿ ಚಕ್ಕಡಿ ಬಂತು, ಅದರೊಳಗೆ ನೀಲವ್ವನ ಬುತ್ತಿಯೂ ಇತ್ತು. ನನ್ನ ಪಾಲಿನ ರೊಟ್ಟಿಯನ್ನು ಮೌನೇಶಪ್ಪನವರ ಕಡೆ ಸರಿಸಿದೆ. ನನ್ನ ಮೊದಲ ದೊಡ್ಡ ಯಶಸ್ಸು ಹೀಗೆ ಕಹಿಯಾಗಿತ್ತು.

ಆ ಏಳನೆಯ ದಿನ ಬಿಟ್ಟು ಹೋದ ಒಂದೆರಡು ಗೆರೆಗಳನ್ನು ಮುಗಿಸಲು ಹೊರಟಿದ್ದೆವು. ಕೆರೆಯ ನಡುವೆ ಮೋಟಾರಿಗೆ ತೇಲಿ ಬಂದ ಜೊಂಡು ಸಿಕ್ಕು ಅದು ಕೆಮ್ಮಿ ನಿಂತಿತು. ಮೌನೇಶಪ್ಪ ಬಗ್ಗಿ ಜೊಂಡು ಬಿಡಿಸತೊಡಗಿದರು. ನಾನು ಯಂತ್ರ ಬಂದ್ ಮಾಡಲು ಕೈ ಚಾಚಿದವನು ಹಾಗೇ ಉಳಿದೆ. ಕಾಗದದ ಮೇಲಿನ ಮಸಿ ಪಟ್ಟೆ ಮಾಯವಾಗಿತ್ತು. ಒಂದೇ ಒಂದು ಗೆರೆ, ಕಪ್ಪಗೆ, ತೆಳ್ಳಗೆ, ಎಷ್ಟೋ ಕೆಳಗೆ. ಯಂತ್ರ ಕೆಟ್ಟಿತು ಎಂದುಕೊಂಡೆ. ಎರವಲು ತಂದದ್ದು ಕೆಟ್ಟರೆ ಕುಲಕರ್ಣಿ ಸಾಹೇಬರು ಗಿರಮಿಟ್ಟಿನಲ್ಲಿ ಮುಗಿಸುವವರಲ್ಲ. ಅಭ್ಯಾಸಬಲದಿಂದ ಚೀಲದಲ್ಲಿ ಇಟ್ಟುಕೊಂಡಿದ್ದ ಹಳೆಯ ಹಗ್ಗ ಗುಂಡನ್ನು ಇಳಿಬಿಟ್ಟೆ. ಈಗ ಹಗ್ಗವನ್ನು ಮೊದಲೇ ನೆನೆಸಿ ಗಂಟು ಹಾಕುವ ಬುದ್ಧಿ ಬಂದಿತ್ತು. ಗುಂಡು ಇಳಿಯಿತು, ಇಳಿಯಿತು, ಯಂತ್ರ ಈಗ ತೋರಿಸುತ್ತಿದ್ದ ಆಳಕ್ಕೇ ಹೋಗಿ ತಟ್ಟಿತು. ಮೇಲೆತ್ತಿ ನೋಡಿದರೆ ಸೀಸಕ್ಕೆ ಅಂಟಿದ್ದು ಬರೀ ಒಂದು ಬೆರಳು ಕೆಸರು.

"ಮೌನೇಶಪ್ಪಾರ, ಮೋಟಾರ ಚಾಲೂ ಮಾಡ್ರಿ."

ಮೋಟಾರು ಹೊಡೆದುಕೊಂಡಿತು, ದೋಣಿ ನೆಗೆಯಿತು, ಕಾಗದದ ಮೇಲೆ ಮಸಿ ಪಟ್ಟೆ ಮರಳಿ ಬಂತು. ನಿಲ್ಲಿಸಿದರೆ ಹೋಯಿತು. ಓಡಿಸಿದರೆ ಬಂತು. ನಾಲ್ಕು ಸಲ ಮಾಡಿದೆ. ನನಗೆ ಅರ್ಥವಾಗಲಿಲ್ಲ, ಯಾಕೆಂದರೆ ನಾನು ಕಾಗದ ನೋಡುತ್ತಿದ್ದೆ. ಮೌನೇಶಪ್ಪ ನೀರು ನೋಡುತ್ತಿದ್ದರು.

"ಅಲ್ರಿ, ಎರಡೂ ದೋಣಿ ನಡಕ ನೋಡ್ರಿ. ಹಾಲ ಉಕ್ಕಿದಂಗ ಉಕ್ಕಾಕತ್ತೈತಿ. ನಿಮ್ಮ ಗುಂಡಿ ಆ ಬುರಗಿನಾಗ ಮುಳಗೈತಿ."

ಬಗ್ಗಿ ನೋಡಿದೆ. ಎಡ ದೋಣಿ ಎಬ್ಬಿಸಿದ ತೆರೆ, ಬಲ ದೋಣಿ ಎಬ್ಬಿಸಿದ ತೆರೆ, ಎರಡೂ ಇಕ್ಕಟ್ಟಿನಲ್ಲಿ ಬಡಿದಾಡಿ, ಗಾಳಿ ಕಲಸಿಕೊಂಡು ಬೆಳ್ಳಗೆ ನೊರೆಯಾಗಿ ನಡುವೆ ಏರುತ್ತಿದ್ದವು. ಯಂತ್ರದ ಗುಂಡಿ ಸರಿಯಾಗಿ ಅಲ್ಲೇ ಇತ್ತು. ಆರು ದಿನ ನಾನು ಅಳೆದದ್ದು ಹೂಳನ್ನಲ್ಲ, ನನ್ನ ದೋಣಿಯ ನೊರೆಯನ್ನು. ಕಾಲುವೆಯ ಮೆಲ್ಲನೆಯ ನೀರಿನಲ್ಲಿ ಮಾದರಿಗಳು ನೊರೆ ಎಬ್ಬಿಸಿರಲಿಲ್ಲ, ಹಾಗಾಗಿ ನಾನು ಅದನ್ನು ಯೋಚಿಸಿಯೂ ಇರಲಿಲ್ಲ. ನೀರಿಗೆ ಏನು ಬೇಕೆಂದು ಕೇಳದೆ, ಚಕ್ಕಡಿ ದಾರಿಗೆ ಏನು ಬೇಕೆಂದು ಕೇಳಿ ದೋಣಿ ಕಟ್ಟಿದ್ದೆ.

ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ನನ್ನ ತಪ್ಪು ಸಿಕ್ಕಿತೆಂದು ಅಷ್ಟು ಸಂತೋಷ ನನಗೆ ಮತ್ತೆಂದೂ ಆಗಿಲ್ಲ. ಗದ್ದೆ ಉಳಿಯಿತು ಎಂದು ದೋಣಿಯಲ್ಲೇ ಚಪ್ಪಾಳೆ ತಟ್ಟಿದೆ. ದಂಡೆಗೆ ಬರುವಷ್ಟರಲ್ಲಿ ಆ ಸಂತೋಷವೇ ನನ್ನನ್ನು ಹೆದರಿಸಿತು. ಇದು ನನಗೆ ಬೇಕಾದ ಉತ್ತರ. ಬೇಡವಾದ ಉತ್ತರ ಬಂದಿದ್ದರೆ ನಾನು ಹಗ್ಗ ಇಳಿಬಿಡುತ್ತಿದ್ದೆನೇ? ಆರು ದಿನ ಆ ಮಸಿ ಪಟ್ಟೆಯನ್ನು ನೋಡಿಯೂ ಒಮ್ಮೆಯೂ ಬಿಟ್ಟಿರಲಿಲ್ಲವಲ್ಲ. ಈ ಪ್ರಶ್ನೆಯನ್ನು ಹೊಸಬರು ಮನಸ್ಸಿನಲ್ಲಿ ಇಟ್ಟುಕೊಳ್ಳಲಿ ಎಂದೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಕುಲಕರ್ಣಿ ಸಾಹೇಬರ ಮುಂದೆ ಹೋಗಿ ನಿಂತೆ. ಮೇಲಿನವರಿಗೆ ಹೇಳಿ ಒಂದು ದಿನವೂ ಆಗಿರಲಿಲ್ಲ. "ಸಾಹೇಬ್ರ, ನಕಾಶಿ ತಪ್ಪೈತ್ರಿ. ದೋಣಿ ತಪ್ಪೈತ್ರಿ. ನಂದ ತಪ್ಪೈತ್ರಿ" ಎಂದು ಒಂದೇ ಉಸಿರಿಗೆ ಹೇಳಿದೆ. ಬೈಗುಳಕ್ಕೆ ಕಾದೆ. ಅವರು ಬೈಯಲಿಲ್ಲ. ಅದು ಬೈಯುವುದಕ್ಕಿಂತ ಕೆಟ್ಟದ್ದಾಗಿತ್ತು.

ಕನ್ನಡಕ ತೆಗೆದು ಒರೆಸಿ, "ನೀವು ಅವರ ಮನಿ ರೊಟ್ಟಿ ತಿಂತೀರಿ. ನಾನೂ ತಿಂತೇನಿ. ನಾಳೆ ಯಾರರೆ ಕೇಳಿದ್ರ ಏನ್ ಹೇಳೋದು?" ಎಂದರು.

"ಅದಕ್ಕ ನಿಮ್ಮ ಹಂತ್ಯಾಕ ಬಂದೇನ್ರಿ. ಹಗ್ಗಾ ನೀವ ಬಿಡ್ರಿ. ಗಂಟ ನೀವ ಎಣಸ್ರಿ."

"ಅಂದ್ರ ನಾ ದೋಣಿ ಒಳಗ ಬರಬೇಕು ಅಂತೀರಿ."

"ಹೌದ್ರಿ."

ಅವರಿಗೆ ಈಜು ಬಾರದೆಂಬುದು ಎಲ್ಲರಿಗೂ ತಿಳಿದದ್ದು ಮರುದಿನ ಮುಂಜಾನೆ. ಲಾರಿ ಟಯರಿನ ಒಳಟ್ಯೂಬಿಗೆ ಗಾಳಿ ತುಂಬಿಸಿ, ಸೊಂಟಕ್ಕೆ ಹಾಕಿಕೊಂಡು, ಪ್ಯಾಂಟು ಮೊಳಕಾಲ ತನಕ ಮಡಚಿ ಏರಿಯಿಂದ ಇಳಿದು ಬಂದರು. ಗುರುಸಿದ್ದಪ್ಪನವರ ಎತ್ತುಗಳು ಬೆದರಿ ಚಕ್ಕಡಿ ಹಿಂದೆ ಸರಿಯಿತು. ನಗಬಾರದೆಂದು ನಾನು ತುಟಿ ಕಚ್ಚಿಕೊಂಡೆ, ನೀಲವ್ವ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದರು. ಸಾಹೇಬರು ಮಾತ್ರ ಗಂಭೀರವಾಗಿ ಬಂದು, ಟ್ಯೂಬು ಅಟ್ಟದ ಅರ್ಧ ಜಾಗ ಹಿಡಿದದ್ದರಿಂದ ನನ್ನನ್ನು ಮೂಲೆಗೆ ದೂಡಿ ಕೂತರು. ಮೂವತ್ತು ಕಡೆ ಹಗ್ಗ ಬಿಟ್ಟರು. ಒಂದು ಕಡೆಯೂ ನನ್ನನ್ನು ಹಗ್ಗ ಮುಟ್ಟಲು ಬಿಡಲಿಲ್ಲ. ಅಳತೆ ನನ್ನ ನಕಾಶೆಯನ್ನು ಎಲ್ಲಿಯೂ ಒಪ್ಪಲಿಲ್ಲ.

ದಂಡೆಗೆ ಬಂದು ಟ್ಯೂಬಿನೊಳಗೇ ನಿಂತು ಹೇಳಿದರು, "ಇವತ್ತ ಮತ್ತ ಫೋನ್ ಮಾಡ್ತೇನಿ. ಹೇಳಿದ್ದು ತಪ್ಪಾಗೇದ ಅಂತ ನಾನ ಹೇಳ್ತೇನಿ. ನಾಲ್ಕು ದಿನ ಅದಾವ. ದೋಣಿ ಸರಿಮಾಡ್ರಿ."

ಸರಿಮಾಡುವುದು ಹೇಗೆ? ಅಂತರ ದುಪ್ಪಟ್ಟು ಮಾಡಬೇಕು. ಅಷ್ಟು ಅಗಲವಾದರೆ ಯಂತ್ರದ ದಿನಗಳು ಮುಗಿದ ಮೇಲೆ ಅದನ್ನು ಈ ದಾರಿಯಲ್ಲಿ ಮರಳಿ ಒಯ್ಯುವುದು ಹೇಗೆ ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದೆ. ಮೌನೇಶಪ್ಪ ನನ್ನನ್ನು ನೋಡಿದ ನೋಟದಲ್ಲಿ ಕನಿಕರವಿತ್ತು.

"ಕೂರಿಗಿ ಹೊಲಕ್ಕ ಒಯ್ಯುಮುಂದ ಜೋಡಿಸಿಕೊಂಡ ಒಯ್ತೇವೇನ್ರಿ? ಬಿಚ್ಚಿಕೊಂಡ ಹೋಗ್ತೇವಿ, ಹೊಲದಾಗ ಬೆಣಿ ಹೊಡಿತೇವಿ. ದೋಣಿನೂ ಬಿಚ್ಚೂ ಹಂಗ ಮಾಡಿದ್ರ ಆತು."

"ಇದನ್ನ ಮೊದಲ ಯಾಕ ಹೇಳಲಿಲ್ರಿ?"

"ನೀವು ಕಾಗದ ಮ್ಯಾಲ ಬರಕೊಂಡ ಬಂದಿದ್ರಿ. ಏನರೆ ಕಾರಣ ಇರಬೇಕಂತ ಸುಮ್ನಿದ್ದೆ."

ಅಂದಿನಿಂದ ನಾನು ನಕಾಶೆಯನ್ನು ಬಡಿಗರ ಮುಂದೆ ಬಿಡಿಸಿದಾಗಲೆಲ್ಲ ಮೊದಲು ಕೇಳುವುದು, ಇದರಲ್ಲಿ ಮಳ್ಳತನ ಏನಿದೆ ಎಂದು. ಎಲ್ಲರೂ ಏನಾದರೊಂದು ತೋರಿಸುತ್ತಾರೆ.

ಮೌನೇಶಪ್ಪ ಅಡ್ಡದ ಹಲಗೆಗಳನ್ನು ತೆಗೆದು, ಉದ್ದನೆಯ ಎರಡು ಮತ್ತಿ ಮರದ ತೊಲೆ ಹಾಕಿ, ತೂತು ಕೊರೆದು, ಬೆಣೆ ಬಡಿದು ಸಂಜೆಯೊಳಗೆ ಜೋಡಿಸಿದರು. ಯಂತ್ರದ ಗುಂಡಿಯನ್ನು ಮುಂದಕ್ಕೆ ತಂದು ಇನ್ನಷ್ಟು ಆಳಕ್ಕೆ ಇಳಿಸಿದೆವು. ಒಂಬತ್ತನೆಯ ದಿನ ಮುಂಜಾನೆ ದೋಣಿ ಮೊದಲಿಗಿಂತ ಜೋರಾಗಿ ಓಡಿತು. ಎರಡೂ ತೆರೆಗಳು ತಮ್ಮ ಪಾಡಿಗೆ ತಾವು ಹಿಂದೆ ಹೋದವು, ನಡುವೆ ನೀರು ತಿಳಿಯಾಗಿತ್ತು. ಕಾಗದದ ಮೇಲೆ ಒಂದೇ ಗೆರೆ. ನಾಲ್ಕು ಮುಂಜಾನೆಯಲ್ಲಿ ಇಡೀ ಕೆರೆಯನ್ನು ಮತ್ತೆ ಅಳೆದೆವು. ಪ್ರತಿ ಗೆರೆಯಲ್ಲೂ ಮೂರು ಕಡೆ ದೋಣಿ ನಿಲ್ಲಿಸಿ ಹಗ್ಗ ಬಿಟ್ಟು ತಾಳೆ ನೋಡಿದೆವು. ಈಗಿನ ಯಂತ್ರಗಳು ನನ್ನ ಆ ಯಂತ್ರಕ್ಕಿಂತ ನೂರು ಪಾಲು ಜಾಣ ಇರಬಹುದು. ಆದರೂ ಹಗ್ಗವನ್ನು ಚೀಲದಲ್ಲಿ ಇಟ್ಟುಕೊಳ್ಳಿ.

ಖರೆ ಎಂಬುದು ನಾನು ಹೆದರಿದಷ್ಟೂ ಇರಲಿಲ್ಲ, ಬಯಸಿದಷ್ಟೂ ಇರಲಿಲ್ಲ. ಹಳ್ಳ ಬಂದು ಸೇರುವ ಬಾಯಲ್ಲಿ ಹೂಳು ಇತ್ತು, ಉಳಿದ ಕೆರೆ ಚೊಕ್ಕವಾಗಿತ್ತು. ಮೂರು ಅಡಿಯ ಮಾತು ಬಿದ್ದುಹೋಯಿತು. ಕೋಡಿಯನ್ನು ಒಂದು ಗೇಣು ಏರಿಸಿದರೆ ಸಾಕೆಂದು ಠರಾವಾಯಿತು. ಒಂದು ಗೇಣಿಗೆ ಗುರುಸಿದ್ದಪ್ಪನವರ ಗದ್ದೆಯಲ್ಲಿ ಕೆಳಗಿನ ಒಂದು ಪಟ್ಟಿ ಮಾತ್ರ ಹೋಗುತ್ತಿತ್ತು.

ಹೊಸ ನೀರಿನ ಗೆರೆ ಎಲ್ಲಿಗೆ ಬರುತ್ತದೆಂದು ಕೆರೆಯ ಸುತ್ತ ಗೂಟ ಹೊಡೆಯಲು ಬಂದವನೂ ನಾನೇ. ಗೂಟದಿಂದ ಕೆಳಗಿನ ನೆಲ ಕೆರೆಗೆ, ಮೇಲಿನದು ರೈತನಿಗೆ. ಗುರುಸಿದ್ದಪ್ಪನವರ ಗದ್ದೆಯ ಹತ್ತಿರ ಬಂದಾಗ ಅವರೇ ಅಂಕಿ ಬರೆದ ಅಳತೆ ಪಟ್ಟಿ, ಗೂಟ ಹಿಡಿದುಕೊಂಡು ನಿಂತರು. ನಾನು ಎತ್ತರ ಅಳೆಯುವ ಲೆವೆಲ್ಲಿನ ದುರ್ಬೀನಿನಲ್ಲಿ ಕಣ್ಣಿಟ್ಟು, ಹಿಂದೆ ಬರ್ರಿ, ಮುಂದೆ ಹೋಗ್ರಿ ಎಂದು ಕೂಗುತ್ತಿದ್ದೆ. ಒಂದು ಕಡೆ ಅಂಕಿ ಸರಿಯಾಗಿ ಕೂತಿತು. ಗೂಟ ಅಲ್ಲೇ ಬೀಳಬೇಕು. ಆ ನೆಲ ಎಷ್ಟು ಸಪಾಟೆಂದರೆ ಒಂದು ಬೆರಳಿನ ಎತ್ತರಕ್ಕೆ ಎಷ್ಟೋ ಹೆಜ್ಜೆ ನೆಲ ಹೋಗುತ್ತದೆ, ಉಳಿಯುತ್ತದೆ. ಒಂದು ಬೆರಳನ್ನು ಯಾರು ಬಂದು ನೋಡುತ್ತಾರೆ? ಆರು ದಿನದ ನನ್ನ ತಪ್ಪಿನಿಂದ ಇವರನ್ನು ಗೋಳಾಡಿಸಿದ್ದೇನೆ, ಇಷ್ಟಾದರೂ ಮಾಡೋಣ ಅನ್ನಿಸಿತು.

"ಕೆರಿ ಕಡೆ ಇನ್ನ ಎಂಟ ಹೆಜ್ಜಿ ಇಳೀರಿ" ಎಂದೆ. ಇಳಿದರು. "ಸಾಕ್ರಿ, ಅಲ್ಲೇ ಹೊಡೀರಿ ಗೂಟಾ."

ಅವರು ಹೊಡೆಯಲಿಲ್ಲ. ಕೆರೆಯ ಕಡೆ ನೋಡಿದರು, ಕಾಲ ಕೆಳಗೆ ನೋಡಿದರು.

"ಇಲ್ಲಿ ಅಲ್ರಿ."

"ಯಂತ್ರ ಹೇಳತೈತಲ್ರಿ."

"ನಾ ಸಣ್ಣಾವಿದ್ದಾಗ ಒಮ್ಮಿ ಕೋಡಿ ಮ್ಯಾಲ ಒಂದ ಗೇಣ ನೀರ ಹರದಿತ್ರಿ. ನೀರ ಇಲ್ಲಿಂದ ಮ್ಯಾಲ ಬಂದಿತ್ತು. ನಮ್ಮಪ್ಪ ಹೊಲದಾಗ ನಿಂತಲ್ಲೇ ಎತ್ತಿಗೆ ನೀರ ಕುಡಿಸಿದ್ದ. ನಾ ಬಾಜೂಕ ಇದ್ನಿ."

ಗೂಟವನ್ನು ಬಗಲಲ್ಲಿ ಇಟ್ಟುಕೊಂಡು ತಮ್ಮ ಗದ್ದೆಯೊಳಕ್ಕೆ ನಡೆದರು. ನಾನು ಎಣಿಸುತ್ತಿದ್ದೆ. ಒಂದು, ಎರಡು, ಮೂರು... ಎಂಟನೆಯ ಹೆಜ್ಜೆಗೆ ನಿಂತು, ಬಗ್ಗಿ, ಕಲ್ಲಿನಿಂದ ನಾಲ್ಕು ಏಟು ಹೊಡೆದು ಗೂಟ ನೆಟ್ಟರು. ಲೆವೆಲ್ಲಿನಲ್ಲಿ ಅಂಕಿ ಕೂತಿದ್ದ ಜಾಗ ಅದೇ, ಒಂದು ಅಂಗುಲ ಆಚೆ ಇಲ್ಲ, ಈಚೆ ಇಲ್ಲ. ನಾನು ಲೆವೆಲ್ಲಿನ ಹಿಂದಿನಿಂದ ಮುಖ ಎತ್ತಲಿಲ್ಲ.

ಅವರು ಕೈಯ ಮಣ್ಣು ಕೊಡವಿಕೊಳ್ಳುತ್ತ ನನ್ನ ಹತ್ತಿರ ಬಂದರು. ಮುಖದಲ್ಲಿ ಸಿಟ್ಟಿರಲಿಲ್ಲ, ನಗುತ್ತಿದ್ದರು.

"ಹೋದಸರ್ತಿ ಯಂತ್ರ ಸುಳ್ಳು ಹೇಳ್ತು, ಪಾಪ, ಅದಕ್ಕ ಗೊತ್ತಿರಲಿಲ್ಲ. ನಿಮಗ ಗೊತ್ತಿತ್ತಲ್ರಿ ಸಾಹೇಬ್ರ."

ಆಮೇಲೆ ಅಳತೆ ಪಟ್ಟಿಯನ್ನು ಹೆಗಲಿಗೇರಿಸಿ, ಮುಂದಿನ ಗೂಟದ ಜಾಗಕ್ಕೆ ಹೋಗಿ ನನ್ನ ಕೂಗಿಗಾಗಿ ಕಾಯುತ್ತ ನಿಂತರು.